ಎಲುಬು ಮುರಿದಿಲ್ಲ, ಆದರೂ ಕೈ ನಿಲ್ಲುತ್ತಿಲ್ಲ: ಒಂದು ಮಣಿಕಟ್ಟಿನ ಪ್ರಕರಣ

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಅವರು ಬಂದರು, ಹೆಂಡತಿಯ ಜೊತೆ. ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಹೋಗುವಾಗ ಸಿಗುವ ಒಂದು ಅಡಿಕೆ ತೋಟ ಅವರದು. ವಯಸ್ಸು 41. ಎಲ್ಲ ಕೆಲಸಕ್ಕೂ ಬಲಗೈಯೇ ಮುಂದು. ಪ್ಲಾಸ್ಟಿಕ್ ಕವರಿನಲ್ಲಿ ಜುಲೈಯಲ್ಲಿ ತೆಗೆಸಿದ ಎಕ್ಸ್‌ರೇ ಇತ್ತು. ಕುಳಿತವರು ಮೊದಲು ನೋವಿನ ಮಾತೇ ಎತ್ತಲಿಲ್ಲ.

"ಡಾಕ್ಟ್ರೇ, ಚೆಂಡೆ ಬಾರಿಸ್ಲಿಕ್ಕೆ ಆಗ್ತಾ ಇಲ್ಲ. ಕೋಲು ಕೈಯಿಂದ ಜಾರಿ ಹೋಗ್ತದೆ. ಎಲುಬು ಮುರಿದಿಲ್ಲ ಅಂತ ಹೇಳಿದ್ದಾರೆ. ಮತ್ತೆ ಎಂತ ಆದದ್ದು?"

ಕಾಸರಗೋಡಿನ ನಮ್ಮ ಊರುಗಳಲ್ಲಿ ಇಂಥ ಮಣಿಕಟ್ಟು ಅಪರೂಪವಲ್ಲ. ಆದರೆ ಸರಿಯಾದ ಹೊತ್ತಿಗೆ ಗುರುತು ಸಿಗುವುದು ಕಡಿಮೆ. ಅದಕ್ಕೇ ಈ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಬಿದ್ದ ರೀತಿ

ಆಟಿ ತಿಂಗಳ ಮಳೆ. ಅಂಗಳದಿಂದ ತೋಟಕ್ಕೆ ಇಳಿಯಲು ಮುರಕಲ್ಲಿನ ಮೆಟ್ಟಿಲು. ಅದರ ಮೇಲೆ ಪಾಚಿ. ಎಡಗೈಯಲ್ಲಿ ಬೋರ್ಡೋ ಮದ್ದಿನ ಕ್ಯಾನ್ ಹಿಡಿದು ಇಳಿಯುತ್ತಿದ್ದರು. ಕಾಲು ಜಾರಿತು. ಬಲಗೈ ತಾನಾಗಿ ಹಿಂದಕ್ಕೆ ಹೋಗಿ ನೆಲಕ್ಕೆ ಊರಿತು.

"ಅಂಗೈ ಹೇಗೆ ಊರಿತು, ಒಮ್ಮೆ ತೋರಿಸಿ" ಎಂದೆ. ಮೇಜಿನ ಮೇಲೆ ತೋರಿಸಿದರು. ಮಣಿಕಟ್ಟು ಹಿಂದಕ್ಕೆ ಮಡಚಿತ್ತು, ಕಿರುಬೆರಳಿನ ಕಡೆಗೆ ವಾಲಿತ್ತು. ಅದರ ಮೇಲೆ ಇಡೀ ಮೈಭಾರ ಬಿದ್ದಿದೆ. ಈ ಒಂದು ಚಿತ್ರ ಕಂಡ ಕೂಡಲೇ ನನ್ನ ಮನಸ್ಸು ಒಂದು ನಿರ್ದಿಷ್ಟ ಜಾಗಕ್ಕೆ ಹೋಯಿತು. ಬಿದ್ದದ್ದು ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಕೈ ಹೇಗೆ ಊರಿತು ಎಂದು ಕೇಳುವುದು ಅದಕ್ಕಿಂತ ಮುಖ್ಯ.

ಮರುದಿನ ಎಕ್ಸ್‌ರೇ ತೆಗೆಸಿದ್ದರು. ಎಲುಬು ಮುರಿದಿಲ್ಲ, ಉಳುಕು ಅಷ್ಟೇ ಎಂದು ಹೇಳಿ ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಳಿಸಿದರು. ಎರಡು ವಾರದಲ್ಲಿ ಬಾವು ಇಳಿಯಿತು. ನೋವು ಉಳಿಯಿತು. ಆಮೇಲೆ ಊರಿನಲ್ಲಿ ಎಲುಬು ಕಟ್ಟುವವರೊಬ್ಬರ ಬಳಿ ಎಣ್ಣೆ ತಿಕ್ಕಿಸಿ, ಮೂರು ಸಲ ಎಳೆಸಿಕೊಂಡರು. ಎಣ್ಣೆಯಿಂದ ತೊಂದರೆ ಇಲ್ಲ. ಆದರೆ ಎಲುಬುಗಳನ್ನು ಒಟ್ಟಾಗಿ ಹಿಡಿದಿಡುವ ಒಳಗಿನ ಕಟ್ಟು ಹರಿದ ಮಣಿಕಟ್ಟನ್ನು ಎಳೆಯಬಾರದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಹೀಗೆ ಐದು ತಿಂಗಳು ಕಳೆಯಿತು. ಅಡಿಕೆ ಕೊಯ್ಲು ಶುರುವಾಯಿತು. ದೋಟಿ ಎತ್ತಿದರೆ ನೋವು. ನೆಲದಿಂದ ಕೈ ಊರಿ ಏಳಲು ಆಗುವುದಿಲ್ಲ. ಹಾಲು ಕರೆಯುವಾಗ ಒಳಗೆ ಏನೋ 'ಕಟಕ್' ಎಂದ ಹಾಗೆ. ಭಾನುವಾರದ ತಾಳಮದ್ದಳೆಯಲ್ಲಿ ಅವರು ಚೆಂಡೆಗೆ ಕೂರುವುದೇ ನಿಂತಿತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಆ ನಷ್ಟ ಎಂಥದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ದೋಣಿ ಮತ್ತು ಚಂದ್ರ

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ, ಎರಡು ಸಾಲಿನಲ್ಲಿ. ಮುಂಗೈಗೆ ಹತ್ತಿರದ ಸಾಲಿನಲ್ಲಿ ಹೆಬ್ಬೆರಳ ಕಡೆ ಇರುವುದು ಸ್ಕೇಫಾಯ್ಡ್. ಗ್ರೀಕಿನಲ್ಲಿ ಆ ಹೆಸರಿಗೆ ದೋಣಿ ಎಂಬ ಅರ್ಥ. ಅದರ ಪಕ್ಕದಲ್ಲಿ ಲುನೇಟ್, ಅಂದರೆ ಚಂದ್ರ. ಅದರಾಚೆ ಟ್ರೈಕ್ವೆಟ್ರಮ್. ಮಣಿಕಟ್ಟನ್ನು ಆಡಿಸುವ ಯಾವ ಸ್ನಾಯುವೂ ಈ ಮೂರಕ್ಕೆ ನೇರವಾಗಿ ಅಂಟಿಕೊಂಡಿಲ್ಲ. ಮೇಲೆ ಕೆಳಗೆ ಇರುವ ಎಲುಬುಗಳು ತಳ್ಳಿದ ಕಡೆಗೆ ಅವು ವಾಲುತ್ತವೆ. ಅವುಗಳನ್ನು ಒಟ್ಟಾಗಿ ಹಿಡಿದಿಡುವುದು ಲಿಗಮೆಂಟ್‌ಗಳು, ಅಂದರೆ ಎಲುಬಿನಿಂದ ಎಲುಬಿಗೆ ಹೋಗುವ ನಾರಿನ ಕಟ್ಟುಗಳು ಮಾತ್ರ.

ದೋಣಿಗೆ ಮುಂದಕ್ಕೆ, ಅಂಗೈ ಕಡೆಗೆ, ಬಾಗುವ ಸ್ವಭಾವ. ಟ್ರೈಕ್ವೆಟ್ರಮ್‌ಗೆ ಹಿಂದಕ್ಕೆ ವಾಲುವ ಸ್ವಭಾವ. ನಡುವೆ ಚಂದ್ರ. ಜಾತ್ರೆಯಲ್ಲಿ ಇಬ್ಬರು ದೊಡ್ಡವರ ಕೈ ಹಿಡಿದು ನಡೆಯುವ ಮಗುವಿನ ಹಾಗೆ. ಇಬ್ಬರೂ ಹಿಡಿದಿರುವವರೆಗೆ ಮಗು ನೆಟ್ಟಗೆ ನಡೆಯುತ್ತದೆ. ಒಬ್ಬರು ಕೈ ಬಿಟ್ಟರೆ ಇನ್ನೊಬ್ಬರು ಎಳೆದ ಕಡೆಗೆ ಹೋಗುತ್ತದೆ.

ಇವರಲ್ಲಿ ಬಿಟ್ಟುಹೋಗಿದ್ದು ದೋಣಿ ಮತ್ತು ಚಂದ್ರದ ನಡುವಿನ ಕೈ, ಅಂದರೆ ಸ್ಕೇಫೋಲುನೇಟ್ ಲಿಗಮೆಂಟ್. ಇಂಗ್ಲಿಷಿನ ಸಿ ಅಕ್ಷರದ ಆಕಾರದ ಪುಟ್ಟ ಪಟ್ಟಿ ಅದು. ಕೈಯ ಮೇಲ್ಭಾಗದ ಕಡೆ ಇರುವ ಅದರ ತುಂಡೇ ಎಲ್ಲಕ್ಕಿಂತ ಬಲವಾದದ್ದು. ದಪ್ಪ ಬರೀ ಎರಡು ಮೂರು ಮಿಲಿಮೀಟರ್. ಅಷ್ಟು ಸಣ್ಣದು ಹರಿದರೆ ದೋಣಿ ಮುಂದಕ್ಕೆ ಮಗುಚುತ್ತದೆ, ಚಂದ್ರ ಹಿಂದಕ್ಕೆ ವಾಲುತ್ತದೆ. ಮಣಿಕಟ್ಟಿನ ಈ ಅಸ್ಥಿರತೆಯನ್ನು ಮೊದಲು ಕ್ರಮವಾಗಿ ವಿವರಿಸಿದವರಲ್ಲಿ ಅಮೆರಿಕದ ಲಿನ್‌ಶೈಡ್ ಮತ್ತು ಡಾಬಿನ್ಸ್ ಮುಖ್ಯರು, 1972ರಲ್ಲಿ. ಸುಮ್ನೆ ಬಿಟ್ಟರೆ ಏನಾಗುತ್ತದೆ ಎಂದು ವಾಟ್ಸನ್ ಮತ್ತು ಬ್ಯಾಲೆ 1984ರಲ್ಲಿ ತೋರಿಸಿದರು. ದೋಣಿಯ ಅಂಚು ತಪ್ಪು ಜಾಗದಲ್ಲಿ ಉಜ್ಜಿ ಉಜ್ಜಿ ಸವೆತ ಶುರುವಾಗುತ್ತದೆ. ಮೊದಲು ಹೆಬ್ಬೆರಳ ಕಡೆಯ ಮುಂಗೈ ಎಲುಬಿನ ತುದಿಯಲ್ಲಿ, ಆಮೇಲೆ ಒಳಗೆ.

ಪರೀಕ್ಷೆಯಲ್ಲಿ ಕಂಡದ್ದು

ಮಣಿಕಟ್ಟಿನ ಮೇಲ್ಭಾಗದಲ್ಲಿ, ನಡುವಿಗಿಂತ ಸ್ವಲ್ಪ ಹೆಬ್ಬೆರಳ ಕಡೆಗೆ, ಮುಂಗೈ ಎಲುಬಿನಲ್ಲಿ ಒಂದು ಸಣ್ಣ ಗುಬ್ಬಿ ಕೈಗೆ ಸಿಗುತ್ತದೆ. ಅದನ್ನು ದಾಟಿದ ಕೂಡಲೇ ಒಂದು ಗುಳಿ. ಅಲ್ಲಿ ಒತ್ತಿದಾಗ ಅವರು ಕೈ ಎಳೆದುಕೊಂಡರು. ಹಿಡಿತದ ಬಲ ಬಲಗೈಯಲ್ಲಿ 22 ಕಿಲೋ, ಎಡಗೈಯಲ್ಲಿ 40.

ಆಮೇಲೆ ವಾಟ್ಸನ್ ಪರೀಕ್ಷೆ. ಅಂಗೈ ಕಡೆಯಿಂದ ದೋಣಿಯ ತುದಿಯನ್ನು ನನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅವರ ಕೈಯನ್ನು ಕಿರುಬೆರಳ ಕಡೆಯಿಂದ ಹೆಬ್ಬೆರಳ ಕಡೆಗೆ ತಂದೆ. ದೋಣಿ ಹಿಂದಕ್ಕೆ ಜಾರಿತು. ಒತ್ತಡ ಬಿಟ್ಟಾಗ 'ಕಟಕ್' ಎಂದು ಜಾಗಕ್ಕೆ ಮರಳಿತು. "ಇದೇ, ಇದೇ ಶಬ್ದ!" ಎಂದರು. ಎಡಗೈಯಲ್ಲೂ ಮಾಡಿ ನೋಡಿದೆ, ಶಬ್ದ ಬರಲಿಲ್ಲ. ಕೆಲವರ ಕೀಲು ಹುಟ್ಟಿನಿಂದಲೇ ಸಡಿಲ ಇರುತ್ತದೆ, ಹಾಗಾಗಿ ಇನ್ನೊಂದು ಕೈ ನೋಡದೆ ತೀರ್ಮಾನ ಮಾಡಬಾರದು.

ಎಕ್ಸ್‌ರೇಯನ್ನು ಈ ಸಲ ಮುಷ್ಟಿ ಬಿಗಿ ಹಿಡಿಸಿ ತೆಗೆಸಿದೆ. ಎರಡೂ ಕೈಯದ್ದು. ಬಲಗೈಯಲ್ಲಿ ದೋಣಿ ಮತ್ತು ಚಂದ್ರದ ನಡುವೆ 5 ಮಿಲಿಮೀಟರ್ ಸಂದು, ಎಡಗೈಯಲ್ಲಿ 2. ಮೂರು ದಾಟಿದರೆ ಅನುಮಾನ ಪಡಬೇಕು. ಇಂಗ್ಲೆಂಡಿನ ಹಾಸ್ಯನಟ ಟೆರ್ರಿ ಥಾಮಸ್ ಅವರ ಮುಂದಿನ ಹಲ್ಲುಗಳ ನಡುವೆ ಸಂದಿತ್ತು, ಅದಕ್ಕೆ ಈ ಚಿಹ್ನೆಗೆ ಅವರದೇ ಹೆಸರು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಎರಡು ಎಲುಬುಗಳ ನಡುವಿನ ಕೋನ 82 ಡಿಗ್ರಿ. ಇರಬೇಕಾದದ್ದು 30ರಿಂದ 60. ಸವೆತ ಕಾಣಲಿಲ್ಲ. ಅದು ಸಮಾಧಾನದ ಸಂಗತಿ.

ಜುಲೈಯ ಎಕ್ಸ್‌ರೇಯನ್ನೂ ಬೆಳಕಿಗೆ ಹಿಡಿದೆ. ಕೈ ಸ್ವಲ್ಪ ಓರೆಯಾಗಿತ್ತು, ಬೆರಳು ಬಿಟ್ಟು ಆರಾಮವಾಗಿ ಇಟ್ಟ ಕೈ. ಸಂದು ಇದೆಯೋ ಇಲ್ಲವೋ ಎಂಬಂತೆ ಇತ್ತು. ಆವತ್ತು ನೋಡಿದವರನ್ನು ನಾನು ದೂರುವುದಿಲ್ಲ. ಭಾರ ಬಿದ್ದಾಗ ಮಾತ್ರ ತೆರೆದುಕೊಳ್ಳುವ ಸಂದು ಸುಮ್ನೆ ಇಟ್ಟ ಕೈಯಲ್ಲಿ ಕಾಣದೆ ಹೋಗಬಹುದು. ಆದರೆ ಎರಡು ವಾರ ಕಳೆದೂ ನೋವು ಇದ್ದಾಗ ಮುಷ್ಟಿ ಹಿಡಿಸಿ ಇನ್ನೊಂದು ಚಿತ್ರ ತೆಗೆಸಿದ್ದರೆ? ಆಗ ಈ ಬರಹದ ಮುಂದಿನ ಭಾಗವೇ ಬೇರೆ ಇರುತ್ತಿತ್ತು.

ಮಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿ ಬಂದರು. ಲಿಗಮೆಂಟ್ ಹರಿದದ್ದು ಕಂಡಿತು. ಆದರೆ ಎಂಆರ್‌ಐ ಎಲ್ಲವನ್ನೂ ಹೇಳುವುದಿಲ್ಲ. ಒಳಗೆ ಕ್ಯಾಮೆರಾ ಇಟ್ಟು ನೋಡುವ ಆರ್ಥ್ರೋಸ್ಕೋಪಿಯೇ ಕೊನೆಯ ಮಾತು.

ಯಾವ ಆಪರೇಷನ್?

ಬಾರ್ಸಿಲೋನಾದ ಗಾರ್ಸಿಯಾ ಎಲಿಯಾಸ್ ಮತ್ತು ಅವರ ಜೊತೆಗಾರರು 2006ರಲ್ಲಿ ಈ ಗಾಯವನ್ನು ಹಂತ ಹಂತವಾಗಿ ಬಿಡಿಸಿ ನೋಡುವ ಕ್ರಮವೊಂದನ್ನು ಕೊಟ್ಟರು. ನಾನು ಅದನ್ನೇ ಅನುಸರಿಸುತ್ತೇನೆ. ಲಿಗಮೆಂಟಿನ ಬಲವಾದ ಮೇಲ್ಭಾಗ ಉಳಿದಿದೆಯೇ? ಹರಿದಿದ್ದರೆ ಹೊಲಿಯುವ ಸ್ಥಿತಿಯಲ್ಲಿದೆಯೇ? ದೋಣಿ ಜಾಗದಲ್ಲಿದೆಯೇ? ಜಾಗ ತಪ್ಪಿದ್ದರೆ ಸುಲಭವಾಗಿ ಮರಳಿ ಕೂರುತ್ತದೆಯೇ? ಮೃದು ಎಲುಬು ಚೆನ್ನಾಗಿದೆಯೇ? ಒಂದೊಂದು ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದ ಹಾಗೆ ಆಪರೇಷನ್ ದೊಡ್ಡದಾಗುತ್ತಾ ಹೋಗುತ್ತದೆ.

ಬಿದ್ದ ಮೊದಲ ಕೆಲವು ವಾರಗಳಲ್ಲಿ, ಅಂದಾಜು ಆರು ವಾರದೊಳಗೆ, ಹರಿದ ತುದಿ ಇನ್ನೂ ತಾಜಾ ಇರುತ್ತದೆ. ಎಲುಬಿಗೆ ದಾರ ಕಟ್ಟಿದ ಪುಟ್ಟ ಆ್ಯಂಕರ್ ಕೂರಿಸಿ ಅದನ್ನು ಮರಳಿ ಹೊಲಿದು, ತಂತಿ ಹಾಕಿ ಎರಡು ತಿಂಗಳು ಕಾಯಬಹುದು. ಇದು ನನಗೆ ಅತ್ಯಂತ ಇಷ್ಟವಾದ ಆಪರೇಷನ್, ಯಾಕೆಂದರೆ ಅವರದೇ ಲಿಗಮೆಂಟ್ ಉಳಿಯುತ್ತದೆ. ಆ ಹೊತ್ತು ದಾಟಿದರೆ ತುದಿಗಳು ಮುದುಡಿ ಕರಗಿಹೋಗುತ್ತವೆ. ಹೊಲಿಯಲು ಏನೂ ಇರುವುದಿಲ್ಲ. ಆಗ ಹೊಸದನ್ನು ಕಟ್ಟಬೇಕು.

ಕಟ್ಟುವ ದಾರಿಗಳು ಹಲವು. ಕೀಲಿನ ಚೀಲದ ಒಂದು ಪಟ್ಟಿಯಿಂದ ದೋಣಿಯನ್ನು ಹಿಂದಕ್ಕೆ ಹಿಡಿದಿಡುವ ಬ್ಲಾಟ್ ಕ್ರಮ 1987ರದ್ದು. ಕೆಲಸ ಸುಲಭ, ಆದರೆ ಕೈ ಮುಂದಕ್ಕೆ ಬಾಗುವುದು ಕಡಿಮೆಯಾಗುತ್ತದೆ. ನನ್ನ ಅನುಭವದಲ್ಲಿ ದುಡಿಯುವ ಕೈಯಲ್ಲಿ ಅದು ನಿಧಾನವಾಗಿ ಸಡಿಲವಾಗುತ್ತದೆ. ಇಟಲಿಯ ಬ್ರುನೆಲ್ಲಿ 1995ರಲ್ಲಿ ಮಣಿಕಟ್ಟನ್ನು ಬಾಗಿಸುವ ಟೆಂಡನ್ನಿನ (ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿ) ಒಂದು ಸೀಳನ್ನು ದೋಣಿಯೊಳಗೆ ಸುರಂಗ ಕೊರೆದು ದಾಟಿಸುವ ಕ್ರಮ ತಂದರು. ಅವರು ಅದರ ಕೊನೆಯನ್ನು ಮುಂಗೈ ಎಲುಬಿಗೆ ಕಟ್ಟುತ್ತಿದ್ದರು. ಅದರಿಂದ ಚಲನೆ ಬಿಗಿಯಾಗುತ್ತಿತ್ತು. ಮುಂದೆ ಅದನ್ನು ತಿದ್ದಿ, ಮುಂಗೈಗೆ ಕಟ್ಟದೆ ಚಂದ್ರದ ಮೇಲೆ ಹಾಯಿಸಿ ಹಿಡಿಸುವುದು ರೂಢಿಗೆ ಬಂತು. ಗಾರ್ಸಿಯಾ ಎಲಿಯಾಸ್ ಗುಂಪು ಇದನ್ನೇ ಮೂರು ಲಿಗಮೆಂಟಿನ ಟೆನೊಡೆಸಿಸ್, ಅಂದರೆ ಟೆಂಡನ್ನಿನಿಂದ ಕಟ್ಟುವುದು, ಎಂದು ಕರೆಯಿತು.

ನಮ್ಮ ಕಡೆಯವರಿಗೆ ಸುರಂಗ ಅಂದರೆ ಬೇಗ ಅರ್ಥವಾಗುತ್ತದೆ. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದು ನೀರು ತರುತ್ತೇವಲ್ಲ? ಅವರ ತೋಟಕ್ಕೂ ಸುರಂಗದ ನೀರೇ. "ಎಲುಬಿನಲ್ಲಿ ಸಣ್ಣ ಸುರಂಗ ಕೊರೆದು ಅದರಲ್ಲಿ ನಿಮ್ಮದೇ ಬಳ್ಳಿ ಹಾಯಿಸುವುದು" ಎಂದಾಗ ಅವರು ತಲೆಯಾಡಿಸಿದರು.

ಅವರ ಹೆಂಡತಿ ಕೇಳಿದ ಪ್ರಶ್ನೆ ತೂಕದ್ದು. "ಪ್ಲೇಟ್ ಹಾಕಿ ಪೂರ್ತಿ ಗಟ್ಟಿ ಮಾಡ್ಲಿಕ್ಕೆ ಆಗುವುದಿಲ್ವಾ ಡಾಕ್ಟ್ರೇ? ಇನ್ನೊಮ್ಮೆ ಹೀಗೆ ಆಗಬಾರದು." ಆಗುತ್ತದೆ. ಕೆಲವು ಎಲುಬುಗಳನ್ನು ಒಂದಕ್ಕೊಂದು ಬೆಸೆದರೆ ಅದು ಜಾರುವುದಿಲ್ಲ. ಆದರೆ ಚಲನೆ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಸವೆತ ಬಂದ ಮೇಲೆ ನಾಲ್ಕು ಎಲುಬು ಬೆಸೆಯುವುದು ಅಥವಾ ಒಂದು ಸಾಲನ್ನೇ ತೆಗೆಯುವುದು ಸರಿ. ಇವರಿಗೆ ಸವೆತ ಇಲ್ಲ, ವಯಸ್ಸು 41, ಕೈಯಲ್ಲಿ ಚೆಂಡೆಯ ಕೋಲು. ಗಟ್ಟಿಯೂ ಬೇಕು, ಬಳುಕೂ ಬೇಕು. ಅದಕ್ಕೆ ಟೆನೊಡೆಸಿಸ್ ಎಂದು ನಿರ್ಧರಿಸಿದೆವು. ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ ಎಂದೂ ಹೇಳಿದೆ. ಅದನ್ನು ಎರಡು ಸಲ ಹೇಳಿದೆ.

ಒಪ್ಪಿಗೆ ಪತ್ರ ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ ಇತ್ತು. ಅವರು ಕನ್ನಡ ಶಾಲೆಯಲ್ಲಿ ಕಲಿತವರು. ಹಾಳೆಯ ಹಿಂದೆ ನಾನೇ ಕನ್ನಡದಲ್ಲಿ ಬರೆದೆ, ಪಕ್ಕದಲ್ಲಿ ಎಂಟು ಎಲುಬಿನ ಚಿತ್ರ. ಅರ್ಧ ಗಂಟೆ ಹಿಡಿಯಿತು. ತನಗೆ ಓದಲು ಬಾರದ ಹಾಳೆಗೆ ಸಹಿ ಹಾಕಿಸುವುದು ಒಪ್ಪಿಗೆ ಆಗುವುದಿಲ್ಲ.

ಆಪರೇಷನ್ ದಿನ

ಜನವರಿ ಮೊದಲ ವಾರ. ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್. ಮೇಲ್ತೋಳಿಗೆ ರಕ್ತ ತಡೆಯುವ ಪಟ್ಟಿ. ಮೊದಲು ಆರ್ಥ್ರೋಸ್ಕೋಪಿ. 2.7 ಮಿಲಿಮೀಟರಿನ ಕ್ಯಾಮೆರಾ ದೋಣಿ ಮತ್ತು ಚಂದ್ರದ ನಡುವಿನಿಂದ ಸಲೀಸಾಗಿ ದಾಟಿತು. ಕ್ಯಾಮೆರಾದಲ್ಲಿ ನೋಡಿ ಗಾಯದ ಮಟ್ಟ ಹೇಳುವ ಗೈಸ್ಲರ್ ಲೆಕ್ಕದಲ್ಲಿ ಇದು ನಾಲ್ಕನೇ ದರ್ಜೆ, ಕೊನೆಯದು. ಲಿಗಮೆಂಟಿನ ತುದಿ ಮುದುಡಿ ದೋಣಿಗೆ ಅಂಟಿಕೊಂಡಿತ್ತು. ಹೊಲಿಯಲು ಸಾಧ್ಯವಿರಲಿಲ್ಲ. ಮೃದು ಎಲುಬು ಮಾತ್ರ ಬಿಳಿಯಾಗಿ ನುಣುಪಾಗಿತ್ತು.

ಮಣಿಕಟ್ಟಿನ ಮೇಲೆ ಉದ್ದಕ್ಕೆ ಕೊಯ್ದೆ. ಹೆಬ್ಬೆರಳು ಎತ್ತುವ ಉದ್ದ ಟೆಂಡನ್ನನ್ನು ಅದರ ಗೂಡಿನಿಂದ ಬಿಡಿಸಿ ಬದಿಗೆ ಸರಿಸಿದೆ. ಕೀಲಿನ ಚೀಲವನ್ನು ಅದರ ನಾರುಗಳ ದಿಕ್ಕಿನಲ್ಲೇ ಬಿಡಿಸಬೇಕು, ಅಡ್ಡ ಕೊಯ್ದರೆ ಒಳ್ಳೆಯ ಲಿಗಮೆಂಟನ್ನೂ ಕಳೆದುಕೊಳ್ಳುತ್ತೇವೆ. ಅಲ್ಲೇ ಒಂದು ಸಣ್ಣ ನರ ಇದೆ. ನೋವು ಕಡಿಮೆಯಾಗಲಿ ಎಂದು ಅದನ್ನು ಕತ್ತರಿಸುವವರಿದ್ದಾರೆ. ನಾನು ಉಳಿಸಿದೆ. ಕೀಲು ಎಲ್ಲಿದೆ, ಹೇಗೆ ವಾಲಿದೆ ಎಂಬ ಸುದ್ದಿಯನ್ನೂ ಅದೇ ನರ ಒಯ್ಯುತ್ತದೆ. ತಾಳ ತಪ್ಪದೆ ಬಾರಿಸಬೇಕಾದ ಕೈಗೆ ಆ ಸುದ್ದಿ ಬೇಕು ಎನ್ನುವುದು ನನ್ನ ನಂಬಿಕೆ.

ಮುಂಗೈಯ ಒಳಭಾಗದಲ್ಲಿ ಸಣ್ಣ ಸಣ್ಣ ಅಡ್ಡ ಗಾಯ ಮಾಡಿ, ಬಾಗಿಸುವ ಟೆಂಡನ್ನಿನ ಮೂರನೇ ಒಂದು ಪಾಲನ್ನು ಸೀಳಿ ತೆಗೆದೆ. ಬೆರಳ ಕಡೆಯ ತುದಿ ಅಂಟಿಕೊಂಡೇ ಇರಬೇಕು. ಈ ಟೆಂಡನ್ನನ್ನೇ ಆರಿಸಲು ಕಾರಣವಿದೆ. ಅದು ದೋಣಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಅದರ ಸ್ನಾಯು ಎಳೆದಾಗ ದೋಣಿ ಸಂದು ಮುಚ್ಚುವ ದಿಕ್ಕಿಗೆ ತಿರುಗುತ್ತದೆ.

ಇನ್ನು ಸುರಂಗ. ಲಿಗಮೆಂಟ್ ಮೊದಲು ಅಂಟಿದ್ದ ಜಾಗದಿಂದ ಅಂಗೈ ಕಡೆಯ ದೋಣಿಯ ತುದಿಗೆ, ಸಿ ಆರ್ಮ್ ಎಕ್ಸ್‌ರೇ ನೋಡುತ್ತಾ ಮೊದಲು ತೆಳು ತಂತಿ ಹಾಯಿಸಿದೆ. ತಂತಿ ಸರಿ ಕೂರುವವರೆಗೆ ಡ್ರಿಲ್ ಮುಟ್ಟಬಾರದು. ನನಗೆ ಎರಡನೇ ಸಲಕ್ಕೆ ಸರಿ ಬಂತು. ಆಮೇಲೆ ಅದರ ಮೇಲೆ 3 ಮಿಲಿಮೀಟರಿನಷ್ಟು ಕೊರೆದೆ. ಸುರಂಗ ಅಂಚಿಗೆ ಹೋದರೆ ದೋಣಿಯೇ ಒಡೆಯಬಹುದು.

ಈಗ ಎಲುಬುಗಳನ್ನು ಜಾಗಕ್ಕೆ ತರಬೇಕು. ದೋಣಿಗೆ ಒಂದು, ಚಂದ್ರಕ್ಕೆ ಒಂದು ತಂತಿ ಚುಚ್ಚಿ, ಹಿಡಿಕೆಯ ಹಾಗೆ ಹಿಡಿದು, ದೋಣಿಯನ್ನು ಎತ್ತಿ ಚಂದ್ರವನ್ನು ಬಾಗಿಸಿದೆ. ಸಂದು ಮುಚ್ಚಿತು. ಐದು ತಿಂಗಳ ಮೇಲೂ ಸುಲಭವಾಗಿ ಮುಚ್ಚಿದ್ದು ನಮ್ಮ ಅದೃಷ್ಟ. ಆ ಸ್ಥಿತಿಯಲ್ಲೇ 1.5 ಮಿಲಿಮೀಟರಿನ ಎರಡು ತಂತಿ ಹಾಕಿದೆ, ಒಂದು ದೋಣಿಯಿಂದ ಚಂದ್ರಕ್ಕೆ, ಇನ್ನೊಂದು ದೋಣಿಯಿಂದ ನಡುವಿನ ದೊಡ್ಡ ಎಲುಬು ಕ್ಯಾಪಿಟೇಟ್‌ಗೆ. ಟೆಂಡನ್ ಸೀಳನ್ನು ಸುರಂಗದಿಂದ ಮೇಲಕ್ಕೆ ಎಳೆದು, ಚಂದ್ರದ ಬೆನ್ನಿನಲ್ಲಿ ಸಣ್ಣ ಕಾಲುವೆ ಕೆತ್ತಿ, ಅಲ್ಲಿ ಆ್ಯಂಕರ್‌ನಿಂದ ಕಟ್ಟಿದೆ. ಉಳಿದ ತುದಿಯನ್ನು ಟ್ರೈಕ್ವೆಟ್ರಮ್ ಕಡೆಗೆ ಹೋಗುವ ಗಟ್ಟಿ ಲಿಗಮೆಂಟಿನ ಸುತ್ತ ಸುತ್ತಿಸಿ, ಬಿಗಿ ಮಾಡಿ, ಅದಕ್ಕೇ ಹೊಲಿದೆ.

ತಂತಿಯ ತುದಿಗಳನ್ನು ಚರ್ಮದ ಒಳಗೇ ಹುದುಗಿಸಿದೆ. ಹೊರಗೆ ಬಿಟ್ಟರೆ ತೆಗೆಯುವುದು ಸುಲಭ, ನಿಜ. ಆದರೆ ಕರಾವಳಿಯ ಬೆವರು, ತೋಟದ ಮನೆ, ಹಟ್ಟಿ. ಎರಡು ತಿಂಗಳು ಕೀವು ಆಗದೆ ಉಳಿಯುತ್ತದೆ ಎಂಬ ಧೈರ್ಯ ನನಗೆ ಇರಲಿಲ್ಲ.

ಕಾಯುವ ತಿಂಗಳುಗಳು

ಮೊದಲ ದಿನದಿಂದಲೇ ಬೆರಳು ಆಡಿಸಬೇಕು. ಮಣಿಕಟ್ಟು ಎಂಟು ವಾರ ಪ್ಲಾಸ್ಟರಿನಲ್ಲಿ. ಮಾರ್ಚ್ ಮೊದಲಿಗೆ ತಂತಿ ತೆಗೆದೆವು. ಇನ್ನು ನಾಲ್ಕು ವಾರ ತೆಗೆದು ಹಾಕುವ ಸ್ಪ್ಲಿಂಟ್.

ಫಿಸಿಯೋಥೆರಪಿಯಲ್ಲಿ ಒಂದು ಚಲನೆಗೆ ವಿಶೇಷ ಜಾಗವಿದೆ. ಗುರಿಗೆ ಪುಟ್ಟ ಬಾಣ ಎಸೆಯುವ ಆಟದಲ್ಲಿ ಕೈ ಹೋಗುವ ದಾರಿ ಅದು. ಹಿಂದಕ್ಕೆ ಮತ್ತು ಹೆಬ್ಬೆರಳ ಕಡೆಯಿಂದ, ಮುಂದಕ್ಕೆ ಮತ್ತು ಕಿರುಬೆರಳ ಕಡೆಗೆ. ಈ ಓರೆ ದಾರಿಯಲ್ಲಿ ಚಲನೆ ಹೆಚ್ಚಾಗಿ ಎರಡು ಸಾಲುಗಳ ನಡುವೆ ನಡೆಯುತ್ತದೆ. ದೋಣಿ ಮತ್ತು ಚಂದ್ರ ಅಷ್ಟಾಗಿ ಅಲುಗುವುದಿಲ್ಲ, ಹೊಸ ಕಟ್ಟಿಗೆ ಎಳೆತ ಕಡಿಮೆ. ಇದನ್ನು ವಿವರಿಸುತ್ತಿದ್ದಾಗ ಅವರು ತಡೆದರು.

"ಇದು ಕೋಲು ಬೀಳುವ ದಾರಿಯೇ ಅಲ್ವಾ ಡಾಕ್ಟ್ರೇ?"

ಹೌದು, ಬಹುಮಟ್ಟಿಗೆ ಅದೇ. ಥೆರಪಿಸ್ಟ್ ಕೂಡಲೇ ಒಪ್ಪಿದರು. ಏಪ್ರಿಲ್‌ನಿಂದ ಮನೆಯಲ್ಲಿ ತಲೆದಿಂಬಿನ ಮೇಲೆ ಚೆಂಡೆಯ ಕೋಲು. ನಿಧಾನ ಲಯ, ದಿನಕ್ಕೆ ಹತ್ತು ನಿಮಿಷ, ಶಬ್ದ ಬರಬಾರದು. ಅದರ ಜೊತೆ ಮಣಿಕಟ್ಟಿನ ಕೆಲವು ಸ್ನಾಯುಗಳನ್ನು ಮಾತ್ರ ಬಲಪಡಿಸುವ ವ್ಯಾಯಾಮ. ಹೆಬ್ಬೆರಳ ಕಡೆಯ ಸ್ನಾಯುಗಳು ಈ ಗಾಯಕ್ಕೆ ಸ್ನೇಹಿತರು. ಕಿರುಬೆರಳ ಕಡೆ ಕೈಯನ್ನು ಹಿಂದಕ್ಕೆ ಎತ್ತುವ ಸ್ನಾಯು ಸಂದನ್ನು ತೆರೆಯುತ್ತದೆ, ಅದನ್ನು ಶುರುವಿನಲ್ಲಿ ಮುಟ್ಟಬಾರದು. ಎಲ್ಲರಿಗೂ ಒಂದೇ ರೀತಿ ಸ್ಪಂಜಿನ ಚೆಂಡು ಕೊಟ್ಟು ಹಿಚುಕಿಸುವ ಅಭ್ಯಾಸ ನಿಲ್ಲಬೇಕು. ಗಟ್ಟಿ ಮುಷ್ಟಿ ಸಂದನ್ನು ಅಗಲ ಮಾಡುತ್ತದೆ. ನಾವು ಎಕ್ಸ್‌ರೇಗೆ ಮುಷ್ಟಿ ಹಿಡಿಸುವುದೇ ಅದಕ್ಕೆ.

ಮೇ ತಿಂಗಳ ಕೊನೆಯ ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವು. ಇವರು ಮನೆಯಲ್ಲಿ ನಿಜವಾದ ಚೆಂಡೆಯ ಮೇಲೆ ಮೆಲ್ಲಗೆ ಕೋಲು ಇಟ್ಟರು. ಜೂನಿನಲ್ಲಿ ಮದ್ದು ಬಿಡುವ ಕೆಲಸಕ್ಕೆ ಕೈ ಹಾಕುತ್ತೇನೆ ಎಂದರು. ಬೇಡ ಎಂದೆ. ಆರು ತಿಂಗಳು ಭಾರ ಎತ್ತುವಂತಿಲ್ಲ. ಬೇಸರ ಮಾಡಿಕೊಂಡರು, ಆದರೆ ಜನ ಕರೆದು ಮಾಡಿಸಿದರು.

ಒಂದು ವರ್ಷದ ಮೇಲೆ

ಹಿಡಿತ 32 ಕಿಲೋ. ಮುಂದಕ್ಕೆ ಬಾಗುವುದು 45 ಡಿಗ್ರಿ, ಎಡಗೈಯಲ್ಲಿ 70. ಹಿಂದಕ್ಕೆ 55. ನೆಲಕ್ಕೆ ಅಂಗೈ ಊರಿ ಏಳುವಾಗ ಇನ್ನೂ ಸ್ವಲ್ಪ ನೋವು. ಅವರು ಮುಷ್ಟಿ ಊರಿ ಏಳುವುದನ್ನು ರೂಢಿ ಮಾಡಿಕೊಂಡಿದ್ದಾರೆ. 'ಕಟಕ್' ಶಬ್ದ ಇಲ್ಲ.

ಎಕ್ಸ್‌ರೇಯಲ್ಲಿ ಸಂದು 3 ಮಿಲಿಮೀಟರ್. ತಂತಿ ತೆಗೆದ ದಿನ 2 ಇತ್ತು. ಕೋನ 64. ಅಂದರೆ ಸ್ವಲ್ಪ ಸಡಿಲವಾಗಿದೆ. ಟೆಂಡನ್ ಎಷ್ಟಾದರೂ ಟೆಂಡನ್, ಭಾರ ಬಿದ್ದ ಹಾಗೆ ಸ್ವಲ್ಪ ಹಿಗ್ಗುತ್ತದೆ. ಇದನ್ನು ಮುಚ್ಚಿಡದೆ ಅವರಿಗೆ ತೋರಿಸಿದೆ. ಸವೆತ ಇಲ್ಲ. ಮುಂದೆ ಬರುವುದೇ ಇಲ್ಲ ಎಂದು ಮಾತು ಕೊಡಲು ನನ್ನಿಂದ ಆಗುವುದಿಲ್ಲ. ಬಂದರೆ ಬೆಸೆಯುವ ದಾರಿ ಆಗಲೂ ತೆರೆದಿರುತ್ತದೆ. ಮೊದಲೇ ಬೆಸೆದಿದ್ದರೆ ಮರಳಿ ಬರುವ ದಾರಿ ಇರುತ್ತಿರಲಿಲ್ಲ.

ಅಡಿಕೆ ಕೊಯ್ಯಲು ಹಗುರವಾದ ಕಾರ್ಬನ್ ಫೈಬರ್ ದೋಟಿ ತೆಗೆದುಕೊಂಡಿದ್ದಾರೆ. ಭಾರವನ್ನು ಎಡಗೈಯಲ್ಲಿ ಹೊತ್ತು, ಬಲಗೈಯಲ್ಲಿ ದಾರಿ ತೋರಿಸುತ್ತಾರಂತೆ. ತಾಳಮದ್ದಳೆಗೆ ಒಂದೂವರೆ ಗಂಟೆ ಕೂರುತ್ತಾರೆ, ಆಮೇಲೆ ಕೋಲನ್ನು ಇನ್ನೊಬ್ಬರಿಗೆ ಕೊಡುತ್ತಾರೆ.

ಹೋಗುವಾಗ ಅವರ ಹೆಂಡತಿ ತಿರುಗಿ ನಿಂತು ಹೇಳಿದರು, "ಮೆಟ್ಟಿಲಿಗೆ ಈ ಸಲ ಕೈ ಹಿಡಿಯುವ ಕಂಬಿ ಹಾಕಿಸಿದ್ದೇವೆ ಡಾಕ್ಟ್ರೇ. ಮಳೆ ಶುರು ಆಗುವ ಮೊದಲು ಪಾಚಿ ಕೆರೆದು ಸುಣ್ಣ ಹಾಕ್ತೇವೆ." ಮುಂದಿನ ಎಕ್ಸ್‌ರೇಗೆ ಡಿಸೆಂಬರಿನಲ್ಲಿ ಬರಲು ಹೇಳಿದ್ದೇನೆ. ಎರಡೂ ಕೈಯದ್ದು, ಮುಷ್ಟಿ ಬಿಗಿ ಹಿಡಿದು.